ಕಾಡಿಗೆ ಹೋದವರು

ನವೆಂಬರ್ 20, ಬುಧವಾರ. ಬೆಳಿಗ್ಗೆ

ಇವತ್ತೂ ಆನೆ ಕಂದಕದ ತಿರುವಿನವರೆಗೆ ಮಾತ್ರ. ಅಲ್ಲಿ ನಿಂತರು ನಮ್ಮ ಯಜಮಾನರು. ಮರಗಳ ಕಡೆ ನೋಡಿದರು. "ಸಾಕು ನಾಗು, ಎದೆ ಹಿಡಿದ ಹಾಗಾಗ್ತದೆ" ಎಂದರು. ವಾಪಸ್. ಬಂದ ದಾರಿಯಲ್ಲೇ.

ಎದೆ ಹಿಡಿದಿಲ್ಲ. ನನಗೆ ಗೊತ್ತು. ಮೈಸೂರಿನ ಡಾಕ್ಟರಿಗೂ ಗೊತ್ತು. ಸ್ಟೆಂಟ್ ಚೆನ್ನಾಗಿ ಕೂತಿದೆ, ದಿನಾ ನಡೆಸಿ, ಇಲ್ಲದಿದ್ದರೆ ಮತ್ತೆ ಇಲ್ಲಿಗೇ ಕರೆತರುತ್ತೀರಿ ಎಂದು ಬೆರಳು ತೋರಿಸಿ ಹೇಳಿದ್ದಾರೆ. ಹಿಡಿದಿರುವುದು ಭಯ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತು, ಸೆರಗು ಬಿಡಿಸಿ ತೋರಿಸುತ್ತ, ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಮನುಷ್ಯ. ಅಂಗಡಿಯನ್ನು ತಮ್ಮನಿಗೆ ವಹಿಸಿ ನನ್ನ ಜೊತೆ ಮಾರ್ಟಳ್ಳಿಗೆ ಬಂದ ಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಲೋಕ.

ನಿವೃತ್ತಿ ಹತ್ತಿರವಿರುವ ಕನ್ನಡ ಟೀಚರನ್ನು ಗಡಿಯ ಊರಿಗೆ ಎತ್ತಿಹಾಕಿದ ಪುಣ್ಯಾತ್ಮರ ಬಗ್ಗೆ ಬರೆಯಲು ಬೇಕಾದಷ್ಟಿದೆ. ಆದರೆ ಮೊದಲ ಪೀರಿಯಡ್ ನನ್ನದೇ.

ನವೆಂಬರ್ 24, ಭಾನುವಾರ

ಅವರು ಬರಲಿಲ್ಲ. ಒಬ್ಬಳೇ ಪೂರ್ತಿ ಸುತ್ತು ಹಾಕಿ ಬಂದೆ.

ಬೀದಿಯ ಕೊನೆಗೆ ಯಾರೋ ಹಸಿರು ಬೋರ್ಡು ನೆಟ್ಟಿದ್ದಾರೆ. "ಪ್ರಕ್ರುತಿ ಪಥ — ಸುಲಭ ವೃತ್ತಾಕಾರದ ನಡಿಗೆ." 'ವೃ' ಸರಿಯಾಗಿ ಬರೆದವನಿಗೆ 'ಕೃ' ಬರೆಯಲು ಏನು ರೋಗ? ಊರಿನವರು 'ಸುತ್ತು' ಎನ್ನುತ್ತಾರೆ. ಎರಡೇ ಅಕ್ಷರ ಸಾಲದಾಯಿತೇ, ವೃತ್ತಾಕಾರ ಎನ್ನಲು?

ಆದರೆ ದಾರಿ ಒಳ್ಳೆಯದು. ಜೋಳ ಮುರಿದ ಹೊಲಗಳು, ಒಣಗಿ ನಿಂತ ಕಡ್ಡಿ. ಆಮೇಲೆ ಹುಣಸೆ ಸಾಲು. ಏರು ಇದೆಯೋ ಇಲ್ಲವೋ ಎನ್ನುವಂಥ ಏರು. ಕಂದಕದ ಹತ್ತಿರ ತಿರುಗಿದರೆ ಎಡಕ್ಕೆ ಕಾಡು, ಬಲಕ್ಕೆ ರಾಗಿ, ಅವರೆ. ಹೂವಿನ ಘಮ ದಾರಿಯುದ್ದಕ್ಕೂ. ಬಿದಿರು ಮೆಳೆ ದಾಟಿದರೆ ಪುಟ್ಟ ಮಾದಪ್ಪನ ಗುಡಿ. ಅಲ್ಲಿ ನಿಂತರೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಕೊನೆಯದು ತಮಿಳುನಾಡಿನದಂತೆ — ಗುಡ್ಡಕ್ಕೇನು ಗೊತ್ತು! ಅಲ್ಲಿಂದ ಬರೀ ಇಳಿಜಾರು. ಮರಳಿನ ಹಳ್ಳ, ತಗ್ಗಿನ ಕೇರಿ, ಮನೆ.

ತೊಂಬತ್ತರ ದಶಕದಲ್ಲಿ ರಾಮಾಪುರದಲ್ಲಿ ನನ್ನ ಮೊದಲ ಕೆಲಸ. ಆಗ ಈ ಗುಡ್ಡಗಳ ಕಡೆ ಬೆರಳು ತೋರಿಸಿದರೂ ಅಲ್ಲಿನ ಮನೆಯೊಡತಿ ನನ್ನ ಕೈ ಹಿಡಿದು ಕೆಳಗಿಳಿಸುತ್ತಿದ್ದಳು. ಕಾಡಿನೊಳಗೆ ಆ ದಂತಚೋರ, ರಸ್ತೆಯ ಮೇಲೆ ಪೊಲೀಸರು. ಸೌದೆಗೆ ಹೋದವರು ಇಬ್ಬರಿಗೂ ಉತ್ತರ ಹೇಳಬೇಕಿತ್ತು. ಅವನ ಹೆಸರು ಬರೆಯಲು ಈಗಲೂ ಮನಸ್ಸಿಲ್ಲ. ಇವತ್ತು ಅದೇ ಅಂಚಿನಲ್ಲಿ ಹೆಂಗಸೊಬ್ಬಳು ಕೈಬೀಸಿಕೊಂಡು ನಡೆದಳು, ಯಾರೂ ಯಾಕೆ ಎಂದು ಕೇಳಲಿಲ್ಲ. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಬಂದು ಎಲ್ಲ ಹೇಳಿದೆ. ಪೇಪರ್ ಮಡಿಸದೆ "ಹೂಂ" ಎಂದರು.

ಡಿಸೆಂಬರ್ 8, ಭಾನುವಾರ. ಮಧ್ಯಾಹ್ನ

ಮಳೆಯೇ ಮಳೆ, ಚಂಡಮಾರುತದ್ದು. ಅವರಿಗೆ ಹಬ್ಬ. ನಡೆಯುವ ಮಾತೇ ಇಲ್ಲ, ಕುರ್ಚಿ ಬಿಸಿಯಾಗಿಯೇ ಉಳಿಯಿತು. ಇವತ್ತು ಬಿಸಿಲು ಬಂತು ಎನ್ನುವಾಗ ಫಾರೆಸ್ಟ್ ಗಾರ್ಡ್ ರಂಗಸ್ವಾಮಿ ಗೇಟಿನ ಹತ್ತಿರ ಬೈಕ್ ನಿಲ್ಲಿಸಿದ.

"ಮೇಡಂ, ಆ ಕಡೆಯಿಂದ ಆನೆ ದಾಟವೆ. ಮೂರೋ ನಾಕೋ. ಸಂಜೆ ಮ್ಯಾಕೆ ಕಂದಕದ್ ತಾವ್ ಬರಬ್ಯಾಡಿ."

ಅವನು ಹೋದನೋ ಇಲ್ಲವೋ, ಇವರ ಮುಖ ಅರಳಿತು. ಗೆದ್ದವರ ಹಾಗೆ.

"ಕೇಳಿದ್ಯಾ? ನಾನು ಹೇಳಿದ್ದು ಸುಳ್ಳಾ?"

"ರೀ, ಆನೆ ಬಂದಿರೋದು ಈ ವಾರ. ನೀವು ನಿಂತು ಎರಡು ತಿಂಗಳಾಯ್ತು. ವೀರಮ್ಮನ ಮುದಿ ಕೋಳಿ ನಿಮಗಿಂತ ದೂರ ಹೋಗಿ ಬರ್ತದೆ."

ಮನೆಯೊಡತಿ ವೀರಮ್ಮ ಅಂಗಳದಲ್ಲೇ ಇದ್ದಳು. "ಅಯ್ಯೋ ಟೀಚರಮ್ಮ, ನಿಮ್ ಗಂಡ ಎಂಡ್ತಿ ಜಗಳ್ದಲ್ಲಿ ನನ್ ಕೋಳಿಯೇನ್ ಮಾಡ್ತು?" ಎಂದು ನಕ್ಕಳು. ಅವರು ನಗಲಿಲ್ಲ. ಊಟಕ್ಕೆ ಕರೆದರೆ ಬಂದರು, ಉಂಡರು, ಎದ್ದರು.

ಡಿಸೆಂಬರ್ 10, ಮಂಗಳವಾರ. ಸಂಜೆ, ಇನ್ನೂ ಬೆಳಕಿದೆ

ಅವರಿಲ್ಲ.

ಶಾಲೆಯಿಂದ ಬಂದೆ. ಕುರ್ಚಿ ಖಾಲಿ. ಫೋನು ಕುರ್ಚಿಯ ಮೇಲೆಯೇ. ವೀರಮ್ಮ ಹಾಲಿನ ಕ್ಯಾನ್ ಎತ್ತಿಕೊಂಡು ಡೈರಿಗೆ ಹೊರಟಿದ್ದಳು.

"ಸಾರೆಲ್ಲಿ ವೀರಮ್ಮ?"

"ಕಾಡ್ಗೆ ಓದ್ರು. ಉಂಡ್ಬುಟ್ಟು ಓದೋರು."

ತಿರುಗಿ ಕೂಡ ನೋಡಲಿಲ್ಲ!

"ಕಾಡಿಗಾ? ನೀವು ಸುಮ್ಮನೆ ಬಿಟ್ರಾ?"

"ನಾನ್ಯಾಕ್ ತಡೀಲಿ ಟೀಚರಮ್ಮ, ಗಂಡಸ್ರು. ಕತ್ಲಾಗೋ ವೊತ್ಗೆ ಬತ್ತಾರೆ ಬುಡಿ." ಹೋಗಿಯೇಬಿಟ್ಟಳು.

ಕೋಳಿಯ ಮಾತಿಗೆ ಹಟ ಹಿಡಿದು ಹೋದರೇ? ಆನೆಗಳಿರುವ ಕಡೆಗೆ? ಮಾತ್ರೆ ಮೇಜಿನ ಮೇಲಿದೆ.

ರಂಗಸ್ವಾಮಿಗೆ ಫೋನ್ ಮಾಡಿದೆ. ಏನು ಹೇಳಿದೆನೋ, ಬೈದದ್ದು ಮಾತ್ರ ನೆನಪಿದೆ. ಕಂದಕ ಅರ್ಧಕ್ಕೆ ಮುಚ್ಚಿಹೋಗಿದೆ, ಸೋಲಾರ್ ಬೇಲಿ ಸತ್ತು ಮಲಗಿದೆ, ಬೋರ್ಡು ನೆಡಲು ಮಾತ್ರ ಎಲ್ಲರಿಗೂ ಪುರುಸೊತ್ತಿದೆ ಎಂದೆಲ್ಲ. ಅವನು ಜೀಪ್ ತೆಗೆಯುತ್ತೇನೆ, ನೀವು ಮನೆ ಬಿಟ್ಟು ಬರಬೇಡಿ ಎಂದ. ಅದಕ್ಕೇ ಕೂತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಡಿನ ಕಡೆ ಪಟಾಕಿ ಹೊಡೆದರು. ಆನೆಗೇ ಇರಬೇಕು. ಮತ್ತೊಂದು. ಇಲ್ಲ, ಕೂರಲಾಗುವುದಿಲ್ಲ —

ಅದೇ ದಿನ. ದೀಪ ಹಚ್ಚಿದ ಮೇಲೆ

ಬಂದರು. ಇದ್ದಾರೆ. ಅಡಿಗೆಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಉಸ್ಸಪ್ಪ.

ನಾನು ಬೀದಿಗೆ ಓಡಿದ್ದೆ. ಅರ್ಧ ಬೀದಿ ಸೇರಿತ್ತು. ಒಬ್ಬೊಬ್ಬರೂ ತಮಗೆ ತಿಳಿದ ಆನೆಯ ಕಥೆ ಹೇಳುತ್ತಿದ್ದರು, ಒಂದರಲ್ಲೂ ಮನುಷ್ಯ ಉಳಿದಿರಲಿಲ್ಲ. ಅಷ್ಟರಲ್ಲಿ ಜೀಪ್ ಬಂತು. ಹಿಂದಿನ ಸೀಟಿನಲ್ಲಿ ಇವರು, ಪಕ್ಕದಲ್ಲಿ ವೀರಮ್ಮನ ಗಂಡ ಪೊನ್ನುಸ್ವಾಮಿ. ಇವರ ತೊಡೆಯ ಮೇಲೆ ಟವಲಿನ ಗಂಟು.

"ಎಲ್ಲಿ ಹೋಗಿದ್ರಿ?" ಕೂಗಿದೆನಂತೆ.

"ಪೊನ್ನುಸ್ವಾಮಿ ಹೊಲಕ್ಕೆ. ಅವರೆ ಕೀಳೋಕೆ. ಯಾಕೆ, ಏನಾಯ್ತು?"

"ಕಾಡಿಗೆ ಹೋದ್ರಿ ಅಂದ್ಳು ವೀರಮ್ಮ!"

ಖಾಲಿ ಕ್ಯಾನ್ ಹಿಡಿದು ಬರುತ್ತಿದ್ದ ವೀರಮ್ಮ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. "ಊ ಕಣಮ್ಮ, ಕಾಡ್ಗೇಯ! ನಮ್ ಕಾಡ್ಗೆ! ಅವರೆ ಆಕಿರೋ ಕಾಡು! ನಾನೇನ್ ಸುಳ್ಳ್ ಯೋಳಿದ್ನಾ?"

ರಂಗಸ್ವಾಮಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದ.

"ಮೇಡಂ, ಈಯಮ್ಮನ ಮನೇಲಿ ಆಡೋದು ತಮಿಳು. ಅವ್ರಿಗೆ ಒಲ ಅಂದ್ರೇ ಕಾಡು. ಈ ಊರ್ನಲ್ಲಿ ಕಾಡ್ಗೆ ಓದ್ರು ಅಂದ್ರೆ ಎದ್ರಬ್ಯಾಡಿ. ಫಾರೆಸ್ಟ್‌ಗೆ ಓದ್ರು ಅಂದ್ರೆ ಎದ್ರಿ."

"ಗೊತ್ತಿದ್ದೂ ಜೀಪ್ ತೆಗೆದ್ರಲ್ಲ? ಫೋನಲ್ಲೇ ಹೇಳಬಾರದಿತ್ತಾ?"

"ನೀವು ನಂಗೆ ಬಾಯ್ ತಗ್ಯಾಕ್ ಬುಟ್ರಾ ಮೇಡಂ?"

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಕಣ್ಣು ಒರೆಸಿಕೊಂಡೆ. ಪಟಾಕಿ ಹೊಡೆದದ್ದು ಆನೆಗಲ್ಲವಂತೆ, ರಾಗಿಗೆ ಬಂದ ಹಂದಿಗೆ. ಆನೆಗಳು ನಿನ್ನೆಯೇ ಬಂದ ಕಡೆಗೆ ದಾಟಿವೆ. ಅದನ್ನು ಊರಿಗೆ ಹೇಳಲು ಏನಾಗಿತ್ತು ಎಂದು ರೇಗಬೇಕಿತ್ತು. ರೇಗಲು ಕಸುವೇ ಇರಲಿಲ್ಲ.

ನಾನು ಯಳಂದೂರಿನ ಕಡೆಯವಳು, ಹೊನ್ನೂರಿನವಳು. ನಮಗೆ ಗದ್ದೆ, ಹೊಲ, ತೋಟ. ಕಾಡು ಎಂದರೆ ಕಾಡೇ. ಇಲ್ಲಿ ಕಾಡು ಕಡಿದು ಹೊಲ ಮಾಡಿದ ಮೇಲೂ ಹೆಸರು ಹಾಗೇ ಉಳಿಯಿತೇನೋ. ನನ್ನ ಊಹೆ. ಅದೇ ಮಾತು ಬೇಲಿಯ ಆಚೆಗೂ ಈಚೆಗೂ!

ಈಗ ತಾನೇ ಕೇಳಿದೆ, ಕಂದಕದ ತಿರುವು ದಾಟುವಾಗ ಏನನ್ನಿಸಿತು ಎಂದು. ಪೊನ್ನುಸ್ವಾಮಿಯ ಹೊಲ ಅದರ ಆಚೆಗೇ ಇರುವುದು.

"ತಿರುವಾ?" ಯೋಚಿಸಿದರು. "ಯಾವಾಗ ದಾಟಿದ್ವೋ! ಮಗಳ ಮದುವೆಗೆ ಎಂಥ ಸೀರೆ ತೆಗೀಲಿ ಅಂತ ಕೇಳ್ದ. ಬಾರ್ಡರ್ ದೊಡ್ಡದಿದ್ರೆ ಕುಳ್ಳಗಿರೋರಿಗೆ ಒಪ್ಪಲ್ಲ ಕಣಯ್ಯಾ ಅಂತ ಹೇಳ್ತಾ ಹೋದೆ. ನೋಡಿದ್ರೆ ಹೊಲದಲ್ಲಿದ್ದೀನಿ."

ಬೆರಳೆಲ್ಲ ಅವರೆಯ ಸೊಗಡು.

ಡಿಸೆಂಬರ್ 11, ಬುಧವಾರ. ಬೆಳಿಗ್ಗೆ

ಇಬ್ಬರೂ ಹೊರಟೆವು. ತಿರುವಿನಲ್ಲಿ ಅವರು ನಿಲ್ಲಲಿಲ್ಲ. ಮಾದಪ್ಪನ ಗುಡಿಯವರೆಗೆ ನಡೆದರು. ಕಟ್ಟೆಯ ಮೇಲೆ ಕೂತು ಗುಡ್ಡಗಳನ್ನು ತುಂಬಾ ಹೊತ್ತು ನೋಡಿದರು. ಆಚೆಗೆ ಇಳಿಯಲು ಮಾತ್ರ ಒಪ್ಪಲಿಲ್ಲ. "ಇಳಿದ ಮೇಲೆ ಏನಾದ್ರೂ ಆದ್ರೆ ಯಾರು ಹತ್ತಿಸ್ತಾರೆ?" ಇಳಿದರೆ ಸಿಗುವುದು ಮನೆಯೇ. ಹೇಳಿದೆ. ತಲೆಯಾಡಿಸಿದರು. ಬಂದ ದಾರಿಯಲ್ಲೇ ವಾಪಸ್.

ಪರವಾಗಿಲ್ಲ. ಇಷ್ಟಾಯಿತಲ್ಲ.

ಡಿಸೆಂಬರ್ 22, ಭಾನುವಾರ. ಬೆಳಿಗ್ಗೆ

ಮಂಜು ಕರಗುತ್ತಿದೆ. ಅವರು ಒಬ್ಬರೇ ಹೋಗಿದ್ದಾರೆ. "ಹಿಂದೆ ಬರಬೇಡ ನಾಗು. ನೀನಿದ್ರೆ ನಿಲ್ಲೋಕೆ ಒಂದು ನೆಪ ಸಿಗ್ತದೆ" ಎಂದರು. ಮಾತ್ರೆ ಜೇಬಿನಲ್ಲಿ, ಫೋನು ಕೈಯಲ್ಲಿ. ಮಫ್ಲರ್ ನಾನೇ ಸುತ್ತಿದೆ.

ಮುಂಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಗುಡಿಯಿಂದ ಹಿಂತಿರುಗಿದರೆ ಈ ಬೀದಿಯಲ್ಲೇ ಬರಬೇಕು. ಸುತ್ತು ಮುಗಿಸಿದರೆ ಈ ಕಡೆ ಕಾಣಿಸುವುದೇ ಇಲ್ಲ. ತಗ್ಗಿನ ಕೇರಿಯಿಂದ ಬರುವವರು ನಮ್ಮ ಹಿತ್ತಲಿಗೇ ಬಂದು ಸೇರುತ್ತಾರೆ. ಬೀದಿಯಲ್ಲಿ ಇಷ್ಟು ಹೊತ್ತಿಗೆ ಪೇಪರ್ ಬಂತು, ಮೊದಲ ಬಸ್ ಹೋಯಿತು, ಚರ್ಚಿಗೆ ಹೊರಟವರು ಮುಖ ನೋಡಿ ಕೈ ಮುಗಿದರು. ಅವರಿಲ್ಲ. ಬೀದಿ ಖಾಲಿಯಿರಲಿ ಎಂದು ಇಷ್ಟು ಆಸೆಪಟ್ಟು ಎಂದೂ ಕೂತವಳಲ್ಲ.

ವೀರಮ್ಮ ಕೊಟ್ಟಿಗೆಯಲ್ಲಿ ಗಂಜಲ ಬಳಿಯುತ್ತ ಕೂಗಿದಳು. "ಅದೆಷ್ಟ್ ಸತಿ ಬಗ್ಗಿ ನೋಡೀರಿ ಟೀಚರಮ್ಮ? ಸಾರು ಕಾಡ್ಗೆ ಓದ್ರಾ?"

"ಯಾವ ಕಾಡಿಗೆ ಅಂತ ಕೇಳ್ತಿದ್ದೀರಿ?"

"ಎಲ್ಡೂವೆ!"

ಫೋನ್ ಮಾಡಬಾರದು. ಮಾಡಿದರೆ ನಿಲ್ಲುತ್ತಾರೆ. ಕಾಫಿಗೆ ನೀರಿಡಲೇ? ಎರಡು ಲೋಟದ್ದೇ ಇಡುತ್ತೇನೆ. ಬೀದಿಯಲ್ಲಿ ಇನ್ನೂ —

ಹಿತ್ತಲಲ್ಲಿ ಯಾರೋ ಕೆಮ್ಮಿದರು. ಆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ತೆಗೆಯಬೇಕು.