"ಬಾ ಬೇ" ಅಂದರೆ ತಿರುಗುವವರು

ಮಹಾದೇವಿಯ ಅಪ್ಪನವರಿಗೆ,

ನಾವು ಕ್ಷೇಮ ಅಂತ ಬರೆದು ನಿಮ್ಮ ಕ್ಷೇಮ ಕೇಳಬೇಕು. ಕೇಳಿದರೆ ನೀವಾದರೂ ಏನಂತ ಬರೆದೀರಿ? ಹೋಗಲಿ ಬಿಡಿ. ನಿಮ್ಮ ಬಾತುಕೋಳಿಯ ಸುದ್ದಿ ಹೇಳುವುದಿದೆ, ಅದಕ್ಕೇ ಕುಳಿತಿದ್ದೇನೆ.

ಅದನ್ನು ತಂದ ದಿನ ನೆನಪಿದೆಯೇ? ನನ್ನ ತವರಿಗೆ ಹೋದವರು ಅಫಜಲಪುರದಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅಂಗಿಯ ಕಿಸೆ ಅಲ್ಲಾಡುತ್ತಿತ್ತು. ನನ್ನ ತವರೂರಿನ ಭೀಮೆಯ ದಂಡೆಯ ಅಂಬಿಗರ ಯಲ್ಲವ್ವ ಕೊಟ್ಟ ಮರಿ. ಎಲ್ಲಕ್ಕಿಂತ ಕೊನೆಗೆ ಮೊಟ್ಟೆಯೊಡೆದು ಬಂತೆಂದು ತಾಯಿ ಬಿಟ್ಟುಹೋಗಿತ್ತಂತೆ.

"ಕೊಳ್ಳಾಗ ಲಿಂಗ, ಮನ್ಯಾಗ ಬಾತು. ಮಂದಿ ಏನಂತಾರ್ರಿ?" ಎಂದೆ.

"ಸಾಕಾಕ ತಂದೀನಿ, ತಿನ್ನಾಕಲ್ಲ" ಎಂದಿರಿ. ಅಷ್ಟಕ್ಕೇ ಮಾತು ಮುಗಿಯಿತು. ನಿಮ್ಮ ಹೊಲಿಗೆ ಮಷಿನ್ನಿನ ಕೆಳಗೆ, ಟೆರಿಕಾಟ್ ಚಿಂದಿಯ ಬುಟ್ಟಿಯಲ್ಲಿ ಅದು ಬೆಳೆಯಿತು. ನೀವು ಮಷಿನ್ ತುಳಿದರೆ ಅದಕ್ಕೆ ನಿದ್ದೆ, ನಿಲ್ಲಿಸಿದರೆ ಎಚ್ಚರ.

ಒಂದು ಹೆಸರಿಡಿ ಎಂದರೆ ಇಡಲಿಲ್ಲ. ನನ್ನನ್ನು ಕರೆದ ಹಾಗೆಯೇ ಅದನ್ನೂ "ಬಾ ಬೇ" ಎಂದು ಕರೆಯುತ್ತಿದ್ದಿರಿ. ರೊಟ್ಟಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರೆ ಅದು ಆಗಲೇ ನಿಮ್ಮ ಕಾಲ ಬಳಿ ಹಾಜರು. "ಯಾರಿಗಿ ಕರದ್ರಿ?" ಎಂದರೆ, "ಯಾರು ಮೊದಲ ಬರ್ತಾರೋ ಅವರಿಗಿ" ಎಂದು ನಗುತ್ತಿದ್ದಿರಿ. ಮೈಯೆಲ್ಲ ಉರಿಯುತ್ತಿತ್ತು ನನಗೆ. ಈಗ ಹಾಗೆ ಉರಿಸುವವರಾದರೂ...

ನಿಮ್ಮನ್ನು ಮಣ್ಣು ಮಾಡಿ ಮಂದಿ ಮನೆಗೆ ಬಂದಾಗ ಅದು ಒಬ್ಬೊಬ್ಬರ ಕಾಲ ಬಳಿಯೂ ಹೋಗಿ ನೋಡಿತು. ಆಮೇಲೆ ಮಷಿನ್ನಿನ ಕೆಳಗೆ ಕುಳಿತದ್ದು ಏಳಲಿಲ್ಲ. ನುಚ್ಚು ಹಾಕಿದೆ, ನೆನೆಸಿದ ಜೋಳ ಹಾಕಿದೆ, ಮುಟ್ಟಲಿಲ್ಲ. ಎತ್ತಿಕೊಂಡರೆ ಎದೆಯ ಎಲುಬು ಕೈಗೆ ತಾಗುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ನಾನೇ ಕುಳಿತು, ದಾರವಿಲ್ಲದ ಮಷಿನ್ ತುಳಿದೆ. ತಲೆಯೆತ್ತಿ ನನ್ನ ಪಾದ ನೋಡಿತು, ನಿಮ್ಮದಲ್ಲ ಎಂದು ತಿಳಿದು ಮತ್ತೆ ತಲೆ ಇಳಿಸಿತು. ಮಗಳು ಮಹಾದೇವಿ ಜೇವರ್ಗಿಯಲ್ಲಿ ತನ್ನ ಸಂಸಾರದಲ್ಲಿದ್ದಾಳೆ. ಇದೂ ಹೋದರೆ, ನೀವು ದಿನಾ ಮಾತಾಡಿಸುತ್ತಿದ್ದ ಜೀವ ಅಂತ ಈ ಮನೆಯಲ್ಲಿ ನಾನೊಬ್ಬಳೇ ಉಳಿಯುತ್ತೇನೆ. ನನಗೆ ಹೆದರಿಕೆಯಾಯಿತು.

ಹಾಗಾಗಿ, ಯಲ್ಲವ್ವನ ಬಾತುಗಳ ಜೊತೆಗಾದರೂ ಬದುಕೀತೆಂದು, ಚಿಂದಿ ಬುಟ್ಟಿಯ ಸಮೇತ ಅದನ್ನು ಎತ್ತಿಕೊಂಡು ತವರಿನ ಬಸ್ಸು ಹತ್ತಿದೆ. "ಯಕ್ಕಾ, ಕೋಳಿಗಿ ಟಿಕೇಟ್ ಅದ, ಬಾತಿಗಿ ಏನ್ ಕೊಡ್ಲಿ?" ಎಂದ ಕಂಡಕ್ಟರ್. ನೀವಿದ್ದರೆ ಅವನಿಗೆ ಏನು ಹೇಳುತ್ತಿದ್ದಿರೋ.

"ಬಿಟ್ಟುಬಿಡ್ರಿ ಯಕ್ಕಾ, ತಾನೇ ಕೂಡ್ಕೋತದ" ಎಂದಳು ಯಲ್ಲವ್ವ. ಬಿಟ್ಟೆ. ಅವಳ ಬಾತುಗಳು ಇದರ ಕುತ್ತಿಗೆಯ ಪುಕ್ಕ ಕಿತ್ತವು, ಇದು ಚೀರುತ್ತ ಬಂದು ನನ್ನ ಸೀರೆಯ ನೆರಿಗೆಯೊಳಗೆ ಹೊಕ್ಕಿತು. ನೀನೂ ಒಂದು ಬಾತು ಅಂತ ಅದಕ್ಕೆ ಯಾರು ಹೇಳಿದ್ದರು? ಅಷ್ಟರಲ್ಲಿ ಯಲ್ಲವ್ವನ ಗಂಡ ದೋಣಿಯಿಂದ ಹೆಂಡತಿಯನ್ನು "ಬಾ ಬೇ" ಎಂದು ಕರೆದ. ಇದು ನೆರಿಗೆ ಬಿಟ್ಟು ದೋಣಿಯ ತನಕ ಓಡಿತು. ಅವನ ಮುಖ ನೋಡಿ ನಿಂತಿತು, ನಿಧಾನಕ್ಕೆ ವಾಪಸ್ಸು ಬಂತು. ಅದನ್ನು ನೋಡಿ ನಾನು ಅತ್ತುಬಿಟ್ಟೆ.

ಆಮೇಲೆ ಯಲ್ಲವ್ವನ ದೊಡ್ಡಿಯ ನಡುವೆ ಹಳೆಯ ಮೀನಿನ ಬಲೆ ಕಟ್ಟಿಸಿದೆ. ಈಚೆ ಇದು, ಆಚೆ ಅವು. ನೋಡಬಹುದು, ಕಚ್ಚಲು ಆಗದು. ಬಲೆಗೆ ಒತ್ತಿ ಎರಡೂ ಕಡೆ ನುಚ್ಚು ಹಾಕಿದೆ. ಅವು ಗಬಗಬ ತಿನ್ನುವುದನ್ನು ನೋಡಿ ನೋಡಿ ಇದೂ ಕೊಕ್ಕು ಹಾಕಿತು. ತಿನ್ನುವ ಮಟ್ಟಿಗೆ ಬಂದ ಮೇಲೆ ಒಂದು ಮುದಿ ಬಾತನ್ನು ಮಾತ್ರ ಈಚೆಗೆ ಬಿಟ್ಟೆ. ಅದು ನೆಟ್ಟಗೆ ಹೋಗಿ ನಿಮ್ಮ ಚಿಂದಿ ಬುಟ್ಟಿಯಲ್ಲಿ ಕುಳಿತುಬಿಟ್ಟಿತು. ಇದು ಸುತ್ತ ತಿರುಗಿ, ಗೊಣಗಿ, ಕೊನೆಗೆ ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡಿತು. ಹೀಗೆ ಒಂದೊಂದಾಗಿ ಎಲ್ಲವನ್ನೂ ಬಿಟ್ಟು ಬಲೆ ಬಿಚ್ಚಿದೆವು.

ನೀರಿಗೆ ಮಾತ್ರ ಇಳಿಯಲೊಲ್ಲದು. ಅವೆಲ್ಲ ಹೊಳೆಯಲ್ಲಿ, ಇದು ನನ್ನ ಜೊತೆ ದಂಡೆಯಲ್ಲಿ. "ನೀವು ಕಣ್ಣಿಗಿ ಕಂಡ್ರ ಅದು ಹೋಗಲ್ರಿ ಯಕ್ಕಾ" ಎಂದಳು ಯಲ್ಲವ್ವ. "ಮತ್ತೊಬ್ರು ಬಿಟ್ಟು ಹೋದ್ರು ಅಂತ ತಿಳ್ಕೋತದಲ್ಲ" ಎಂದೆ. ಆದರೂ ನಾನು ಜಾಲಿಗಿಡದ ಮರೆಗೆ ಹೋಗಿ ನಿಂತೆ. ಅದು ಕೂಗಿತು, ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ನೀವು ಇಷ್ಟು ಕಷ್ಟಪಟ್ಟು ಹೋಗಿರಲಿಕ್ಕಿಲ್ಲ.

ನಿನ್ನೆ ಊರಿಗೆ ಹೊರಡುವ ಮುಂಚೆ ಹೊಳೆಗೆ ಹೋದೆ. ನಡುನೀರಿನಲ್ಲಿ ಎಲ್ಲವೂ ಒಟ್ಟಿಗೆ ತೇಲುತ್ತಿದ್ದವು. ನಮ್ಮದು ಯಾವುದು ಅಂತ ಗುರುತೇ ಹತ್ತಲಿಲ್ಲ. ನೋಡುತ್ತ ನಿಂತಾಗ ಹಿಂದಿನಿಂದ ಯಲ್ಲವ್ವನ ಗಂಡ ಅವಳನ್ನು ಕೂಗಿದ, "ಬಾ ಬೇ, ಹೊತ್ತಾತು."

ನೀರಿನಲ್ಲಿ ಒಂದೂ ಕುತ್ತಿಗೆ ಏಳಲಿಲ್ಲ.

ತಿರುಗಿ ನೋಡಿದವಳು ನಾನು.

ಇಂತಿ,
ಮಹಾದೇವಿಯ ಅವ್ವ