ಕೌಜುಗದ ನೀಲಿ ಹಾಸಿಗೆ

ಫೆಬ್ರವರಿ 3, 2014. ಬೆಳಿಗ್ಗೆ 6

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ರಾಯದುರ್ಗದ ಈ ಬಾಡಿಗೆ ಮನೆಯಲ್ಲಿ ಮಹಾ ಕಳ್ಳತನವಾಗಿದೆ. ಓವರ್‌ಲಾಕ್ ಮಷೀನಿಗೆ ದಾರ ಪೋಣಿಸುವ ಚಿಮಟ ನಾಪತ್ತೆ! ನಲವತ್ತು ಜೀನ್ಸ್ ಕಾಯುತ್ತಿವೆ. ಹೆಂಡತಿ ಜ್ಯೋತಿಯನ್ನು ವಿಚಾರಣೆಗೆ ಒಳಪಡಿಸಿದೆ.

"ನಾನೇನು ಅದನ್ನ ಮೂಗಿಗೆ ಇಟ್ಕಂಡೀನೇನ್ರಿ?"

ಆರೋಪಿ ಬಿಡುಗಡೆ.

ಫೆಬ್ರವರಿ 4

ಕಳ್ಳ ಸಿಕ್ಕ. ನಮ್ಮಪ್ಪ, ಯರ್ರಿಸ್ವಾಮಿ. ನಸುಕಿನಲ್ಲಿ ಮೆಟ್ಟಿಲ ಕೆಳಗೆ ಕೂತು, ಅದೇ ಚಿಮಟದಿಂದ ತನ್ನ ಸಾಕು ಹಕ್ಕಿ ಕೌಜುಗದ ಕಿವಿಯಿಂದ ಉಣ್ಣಿ ಕೀಳುತ್ತಿದ್ದ. ರೆಕ್ಕೆ ಎತ್ತಿ ತೋರಿಸಿದ — ಬುಡದ ತುಂಬ ಹೇನು. ಊರಲ್ಲಿದ್ದಾಗ ಇದರ ಕೂಗಿಗೆ ಕಾಡು ಕೌಜುಗಗಳು ಬಲೆಗೆ ಬರುತ್ತಿದ್ದವು. ಈಗ ಕೂಗಿಲ್ಲ. ಕಾಳೂ ಬೇಡ. ಅಪ್ಪನೂ ಅರ್ಧ ಮುದ್ದೆ ಬಿಡುತ್ತಿದ್ದಾನೆ...

"ಯಾಕ ಹೇಳ್ಲಿಲ್ಲಪ್ಪಾ?"

"ಹೇಳೋದೇನೈತಿ. ನಿನ್ನ ಪ್ಯಾಂಟು ನೀ ಹೊಲಿ."

ಫೆಬ್ರವರಿ 9

ಬರೆಯಲಾಗಲಿಲ್ಲ. ಆರ್ಡರ್. ಹಕ್ಕಿ ಕಣ್ಣು ಮುಚ್ಚಿಯೇ ಕೂತಿದೆ.

ಪಕ್ಕದ ಮನೆ ಓಬಕ್ಕ ಪಂಜರಕ್ಕೆ ಇಣುಕಿ, "ಎಷ್ಟು ಮೆತ್ತಗೈತ್ರೀ ಹಾಸಿಗಿ!" ಎಂದಳು. ಜ್ಯೋತಿಯ ಮುಖ ಅರಳಿತು. ಜೀನ್ಸಿನ ವೇಸ್ಟ್ ಚೂರು ತುಂಬಿ, ನಾಲ್ಕೂ ಅಂಚು ಹೊಲಿದು, ಮಾವನ ಹಕ್ಕಿಗೆಂದೇ ಅವಳು ಮಾಡಿದ ಹಾಸಿಗೆ.

ಅಪ್ಪ ನನ್ನನ್ನು ಬೀದಿಗೆ ಕರೆದೊಯ್ದ. ದನಿ ತಗ್ಗಿಸಿದ. "ಕೌಜುಗಕ್ಕ ಹಾಸಿಗಿ ಬ್ಯಾಡೋ. ಮಣ್ಣಾಗ ಹೊರಳಬೇಕು. ಹೊರಳಿದ್ರ ಹೇನು ಉದುರ್ತಾವ."

"ಮತ್ತ ತೆಗೆದು ಹೊರಗ ಒಗಿ!"

"ಹುಡುಗಿ ಪ್ರೀತಿಲೆ ಹೊಲ್ದಾಳ. ನಾ ಹೆಂಗ ಒಗೀಲಿ?"

ಐದು ವಾರದಿಂದ ಒಂದೊಂದೇ ಕೀಳುತ್ತಿದ್ದಾನೆ, ಮೊದಲು ಉಗುರಿನಿಂದ, ಈಗ ಚಿಮಟದಿಂದ. ಹಕ್ಕಿ ಹೋದರೂ ಸರಿ, ಸೊಸೆ ನೋಯಬಾರದು.

ಫೆಬ್ರವರಿ 10, ಸಂಜೆ

ಜ್ಯೋತಿಗೆ ಹೇಳಲೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಟೀ ಕೇಳಿದೆ. ಮೂರು ಟೀ ಕುಡಿದೆ. ಶೂರರ ವಂಶ.

ಈ ಡೈರಿಯನ್ನು ಯಾರೂ ಓದುವುದಿಲ್ಲ. ಆದರೂ ಪುಟಗಳ ಮೂಲೆಯಲ್ಲಿ ಆಗಾಗ ಅರಿಶಿನದ ಬೆರಳಚ್ಚು. ಆದ್ದರಿಂದ, ಅರಿಶಿನದ ಬೆರಳಿನ ಓದುಗರೇ, ಸಣ್ಣದೊಂದು ಉಪಕಾರ. ನಾಳೆ ಆ ಹಾಸಿಗೆ ತೆಗೆಯಿರಿ. ಕೆಂಪು ಮಣ್ಣು, ಓಬಕ್ಕನ ಒಲೆಯ ಬೂದಿ — ಎರಡೆರಡು ಬೊಗಸೆ, ಜರಡಿ ಹಿಡಿದು ಪಂಜರಕ್ಕೆ ಹಾಕಿ. ಅಪ್ಪ ಕೇಳಿದರೆ, ಹಾಸಿಗೆ ಮಾಸಿತ್ತು ಅನ್ನಿ. ನನ್ನ ಹೆಸರು ಬೇಡ. ಮತ್ತೆ ಆ ಚಿಮಟವನ್ನು ಕುದಿಯುವ ನೀರಲ್ಲಿ ಅದ್ದಿ, ಮಷೀನಿನ ಮೇಲೆ ಇಡಿ.