ಹಗ್ಗ ಎಳೆದು ತಿರುಗಿಸುವ ಗ್ರೈಂಡರ್

ಹ್ವಾಯ್, ಇವರೇ,

ಗಂಜಿ ಒಲೆಯ ಮೇಲಿದೆ. ಉಪ್ಪಿನಕಾಯಿ ಭರಣಿಯ ಬಾಯಿ ಸರಿಯಾಗಿ ಮುಚ್ಚಿ.

ಗ್ರೈಂಡರಿನ ಸ್ವಿಚ್ ಇವತ್ತು ಮುಟ್ಟಬೇಡಿ. ನಿಮ್ಮ ಮುಂಬೈ ಹೋಟೆಲ್ ಮುಚ್ಚಿದಾಗ ಅದೊಂದನ್ನು ಹೊತ್ತು ತಂದಿರಿ. ಅದು ತ್ರೀ ಫೇಸಿನದು, ನಮ್ಮ ಮನೆಗೆ ಇರುವುದು ಸಿಂಗಲ್ ಫೇಸ್ ಕರೆಂಟ್. ಮೋಟಾರಿನ ವೈಂಡಿಂಗ್ ಮೂರು ಸಲ ಸುಟ್ಟಿತು. ಮೂರು ಸಲವೂ "ನಾಳಿಗೆ ಸಮ ಆತ್ತ್ ಕಾಣ್" ಎಂದಿರಿ. ಈಗ ಮೋಟಾರು ಶುರುಮಾಡುವ ಕಂಡೆನ್ಸರೂ ಹೋಗಿ, ಹಗ್ಗ ಸುತ್ತಿ ಸ್ವಿಚ್ ಹಾಕಿ ಎಳೆದರೆ ಎಳೆದ ದಿಕ್ಕಿಗೆ ತಿರುಗುತ್ತದೆ, ಅಷ್ಟೆ.

ನಿನ್ನೆ ನೀವು ಹಗ್ಗ ಉಲ್ಟಾ ಸುತ್ತಿ ಎಳೆದಿರಿ. ಕಲ್ಲು ಹಿಂದಕ್ಕೆ ತಿರುಗಿತು, ಅಕ್ಕಿ ನುರಿಯಲೇ ಇಲ್ಲ. ತಿರುಗಿತಲ್ಲ ಎಂದು ನೀವು ಅರ್ಧ ಗಂಟೆ ನಗುತ್ತಾ ನಿಂತಿದ್ದಿರಿ.

ನಿನ್ನೆ ಹಿಟ್ಟು ತಲುಪದ ಕಾರಣ ಕ್ಯಾಂಟೀನಿನ ಸರಸಕ್ಕನಿಗೆ ಇನ್ನು ನಮ್ಮ ಇಡ್ಲಿ ಹಿಟ್ಟು ಬೇಡವಂತೆ. ಬೆಳಿಗ್ಗೆ ಫೋನ್ ಮಾಡಿದ್ದರು. ಇವತ್ತಿಂದ ನಾನು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತೇನೆ. ಸಂಜೆ ಆರರ ಬಸ್ಸಿಗೆ ಬರುತ್ತೇನೆ. ಬಸ್ರೂರು ಪೇಟೆಗೆ ಹೋಗಿ ಇನ್ನೊಂದು ಕಂಡೆನ್ಸರ್ ತರಬೇಡಿ.

ಗ್ರೈಂಡರಿನ ಹಗ್ಗವನ್ನೂ ಹುಡುಕಬೇಡಿ. ಬಾವಿಯ ನೀರು ಕೆಳಗೆ ಹೋಗಿದೆ, ಅದನ್ನು ಬಾವಿ ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಿದ್ದೇನೆ. ನಾಲ್ಕು ಕೊಡ ಸೇದಿಡಿ. ಅಲ್ಲಾದರೂ ಎಳೆದದ್ದು ಮೇಲೆ ಬರುತ್ತದೆ.

ಬೇಬಿ